ಡೇವ್ ಆಟದ ಹಿಂದೆ ಗಡಿಯಾರ ಹಿಡಿದು...

ಈ ಸಲ ಕತೆ ಇಲ್ಲ, ಕವನ ಇಲ್ಲ, ಊರಿನ ಮಳೆಯ ನೆನಪೂ ಇಲ್ಲ. ಒಂದು ವಾದ ಮಾಡಬೇಕಿದೆ. ಬಹಳ ದಿನಗಳಿಂದ ತಲೆಯಲ್ಲಿ ಕೊರೆಯುತ್ತಿತ್ತು, ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಒಪ್ಪದವರು ಧಾರಾಳವಾಗಿ ಬೈಯಬಹುದು :-)

ನನ್ನ ವಾದ ಇಷ್ಟೇ. ದುಡಿಯುವ ಮನುಷ್ಯನಿಗೆ ಯಾವ ಲಾಭವೂ ಇಲ್ಲದ, ಆದರೂ ಶ್ರದ್ಧೆಯಿಂದ ಮಾಡುವ ಒಂದು ಕೆಲಸ ಬೇಕು. ನನ್ನ ಮಟ್ಟಿಗೆ ಆ ಕೆಲಸ, "ಡೇಂಜರಸ್ ಡೇವ್" ಅನ್ನುವ ಹಳೇ ಡಾಸ್ ಆಟವನ್ನು ಸಾಧ್ಯವಾದಷ್ಟು ಬೇಗ ಆಡಿ ಮುಗಿಸುವುದು. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಲೆ ಆಡಿ ಬಿಡುವುದಲ್ಲ ಸ್ವಾಮಿ. ನಿಯಮ ಬರೆದುಕೊಂಡು, ನಕ್ಷೆ ಹಾಕಿಕೊಂಡು, ಪ್ರತಿ ಪ್ರಯತ್ನವನ್ನೂ ರೆಕಾರ್ಡ್ ಮಾಡಿಕೊಂಡು ಆರು ತಿಂಗಳು ಇದರ ಬೆನ್ನು ಹತ್ತುವುದು. ಶುರು ಮಾಡಿ ಮೂರು ವಾರ ಆಯ್ತು.

ಇದಕ್ಕೆ ಸ್ಪೀಡ್‌ರನ್ ಅಂತಾರೆ. ಕನ್ನಡದಲ್ಲಿ "ವೇಗದೋಟ" ಅನ್ನೋಣ ಅಂದುಕೊಂಡೆ, ಆದರೆ ಕೇಳಿದವರು ನಾನು ಕಬ್ಬನ್ ಪಾರ್ಕಿಗೆ ಹೋಗಿ ಓಡುತ್ತೇನೆ ಅಂದುಕೊಳ್ಳುತ್ತಾರೆ. ನನ್ನ ಹೊಟ್ಟೆ ನೋಡಿದವರಿಗೆ ಆ ಅನುಮಾನ ಬರಲಾರದು, ಆದರೂ ಸ್ಪೀಡ್‌ರನ್ ಅಂತಲೇ ಇರಲಿ. ಆಟ ಗೆಲ್ಲುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಎಲ್ಲರೂ ಗೆಲ್ಲುತ್ತಾರೆ. ಎಷ್ಟು ಹೊತ್ತಿನಲ್ಲಿ ಗೆದ್ದಿರಿ ಅನ್ನುವುದೊಂದೇ ಪ್ರಶ್ನೆ.

ಡೇವ್ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕೆಂಪು ಟೋಪಿಯ ಒಬ್ಬ ಪುಟ್ಟ ಮನುಷ್ಯ. ಹತ್ತು ಹಂತಗಳು. ಪ್ರತಿ ಹಂತದಲ್ಲೂ ಒಂದು ಚಿನ್ನದ ಕಪ್ ಇರುತ್ತದೆ. ಅದನ್ನು ಹಿಡಿದರೆ ಬಾಗಿಲು ತೆರೆಯುತ್ತದೆ. ನಡುವೆ ಬೆಂಕಿ, ನೀರು, ಗುಂಡು ಹೊಡೆಯುವ ವಿಚಿತ್ರ ಪ್ರಾಣಿಗಳು. ಕಂಟ್ರೋಲ್ ಒತ್ತಿದರೆ ಬಂದೂಕು, ಆಲ್ಟ್ ಒತ್ತಿದರೆ ಬೆನ್ನಿಗೆ ಕಟ್ಟಿದ ಜೆಟ್‌ಪ್ಯಾಕ್. ಅಷ್ಟೇ ಆಟ. ನಮ್ಮ ಕಡೆ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಒಂದೊಂದು ಕಂಪ್ಯೂಟರಿಗೆ ಮೂವರು ಕೂತು, ಮೇಡಂ ಆಚೆ ಹೋದ ತಕ್ಷಣ ತೆರೆಯುತ್ತಿದ್ದ ಆಟ ಅಂದರೆ ಇದೇ. ಮಾರಿಯೋ ಕನ್ಸೋಲ್ ಮನೆಯಲ್ಲಿದ್ದವರು ಶ್ರೀಮಂತರು. ಡೇವ್ ಎಲ್ಲರಿಗೂ ಸಿಗುತ್ತಿದ್ದ. ಫ್ಲಾಪಿಯಿಂದ ಫ್ಲಾಪಿಗೆ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರಿಕೊಂಡು ಬಂದವನು ಅವನು.

ನಮಗೆ ಇಷ್ಟು ಪರಿಚಿತನಾದ ಡೇವ್, ಹೊರಗಿನ ಆಟದ ಜಗತ್ತಿಗೆ ಬರೀ ಒಂದು ಅಡಿಟಿಪ್ಪಣಿ. ಆ ಅಡಿಟಿಪ್ಪಣಿ ಮಾತ್ರ ಓದಲೇಬೇಕಾದದ್ದು.

ಜಾನ್ ರೊಮೆರೊ ಈ ಆಟವನ್ನು 1988ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ಬರೆದರು. ಅದು ಬಂದದ್ದು "ಅಪ್‌ಟೈಮ್" ಅನ್ನುವ ಡಿಸ್ಕ್ ಪತ್ರಿಕೆಯಲ್ಲಿ. ಕಾಗದದ ಬದಲು ಫ್ಲಾಪಿಯಲ್ಲಿ ಚಂದಾದಾರರ ಮನೆಗೆ ಅಂಚೆಯಲ್ಲಿ ಹೋಗುತ್ತಿದ್ದ ಪತ್ರಿಕೆ ಅದು. ಆಮೇಲೆ ಅಮೆರಿಕದ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಊರಿನ ಸಾಫ್ಟ್‌ಡಿಸ್ಕ್ ಕಂಪನಿಯಲ್ಲಿದ್ದಾಗ 1990ರಲ್ಲಿ ಡಾಸ್‌ಗೆ ತಂದರು. ನಾವು ಆಡಿದ್ದು ಇದನ್ನೇ.

ಆಡಿದವರಿಗೆ ಒಂದು ನೆನಪಿರಬಹುದು. ಡೇವ್ ಪರದೆಯ ಅಂಚಿಗೆ ಬಂದಾಗ ಚಿತ್ರ ಅವನ ಜೊತೆ ಮೆಲ್ಲಗೆ ಸರಿಯುವುದಿಲ್ಲ. ಆಟ ಒಂದು ಕ್ಷಣ ನಿಲ್ಲುತ್ತದೆ, ಇಡೀ ಪರದೆ ಪಕ್ಕಕ್ಕೆ ಜರುಗುತ್ತದೆ, ಆಮೇಲೆ ಆಟ ಮುಂದುವರಿಯುತ್ತದೆ. ಪುಸ್ತಕದ ಹಾಳೆ ತಿರುಗಿಸಿದ ಹಾಗೆ. ಆ ಕಾಲದ ಪಿಸಿಗಳಿಗೆ ಇಡೀ ಪರದೆಯನ್ನು ಮತ್ತೆ ಮತ್ತೆ ಬೇಗ ಬರೆಯುವ ತಾಕತ್ತು ಇರಲಿಲ್ಲ. ನಿಂಟೆಂಡೊದ ಮಾರಿಯೋ ಬೆಣ್ಣೆಯ ಹಾಗೆ ಜಾರುತ್ತಿದ್ದರೆ, ಪಿಸಿಯ ಡೇವ್ ಹಾಳೆ ತಿರುಗಿಸಿಕೊಂಡು ಓಡುತ್ತಿದ್ದ.

1990ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿಯ ಜಾನ್ ಕಾರ್ಮ್ಯಾಕ್ ಇದಕ್ಕೊಂದು ಉಪಾಯ ಕಂಡುಹಿಡಿದರು. ಪರದೆಯನ್ನು ಪೂರ್ತಿ ಬರೆಯಬೇಡ, ಬದಲಾದ ಚೌಕಗಳನ್ನು ಮಾತ್ರ ಬರೆ! ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ರಾತ್ರೋರಾತ್ರಿ ಕೂತು ಸೂಪರ್ ಮಾರಿಯೋ ಬ್ರದರ್ಸ್ 3ರ ಮೊದಲ ಹಂತವನ್ನು ಪಿಸಿಯ ಮೇಲೆ ನಕಲು ಮಾಡಿದರು. ಮಾರಿಯೋನ ಜಾಗದಲ್ಲಿ ನಿಲ್ಲಿಸಿದ್ದು ನಮ್ಮ ಡೇವ್‌ನನ್ನೇ. "ಕಾಪಿರೈಟ್ ಉಲ್ಲಂಘನೆಯಲ್ಲಿ ಡೇಂಜರಸ್ ಡೇವ್" ಅಂತ ತಮಾಷೆಯ ಹೆಸರಿಟ್ಟು ಫ್ಲಾಪಿಯನ್ನು ರೊಮೆರೊ ಅವರ ಮೇಜಿನ ಮೇಲಿಟ್ಟು ಹೋದರು. ಬೆಳಗ್ಗೆ ಅದನ್ನು ನೋಡಿದ ರೊಮೆರೊಗೆ ಇನ್ನು ಈ ಕಂಪನಿಯಲ್ಲಿ ಇರುವುದು ಬೇಡ ಅನ್ನಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ "ಕಮಾಂಡರ್ ಕೀನ್" ಬಂತು, 1991ರ ಫೆಬ್ರವರಿಯಲ್ಲಿ ಇಡ್ ಸಾಫ್ಟ್‌ವೇರ್ ಹುಟ್ಟಿತು, 1993ರಲ್ಲಿ "ಡೂಮ್" ಬಂತು. ಮಾರಿಯೋ 3 ಆಟವನ್ನು ಪಿಸಿಗೆ ತಂದುಕೊಡುತ್ತೇವೆ ಅಂತ ಇವರು ನಿಂಟೆಂಡೊಗೂ ಒಂದು ಮಾದರಿ ಕಳಿಸಿದ್ದರು. ನಿಂಟೆಂಡೊ ಬೇಡ ಅಂದಿತು. ಆ ಮಾದರಿಯ ಒಂದು ಪ್ರತಿ 2021ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನ ಆಟಗಳ ಮ್ಯೂಸಿಯಂ ಸೇರಿದೆ.

ಇನ್ನೂ ಮಜಾ ಕೇಳಿ. ಸ್ಪೀಡ್‌ರನ್ ಅನ್ನುವ ಹುಚ್ಚು ಇಂಟರ್ನೆಟ್ಟಿನಲ್ಲಿ ಊರೂರು ಹಬ್ಬಲು ದೊಡ್ಡ ಕಾರಣ ಇದೇ ಡೂಮ್. ಆಟಗಾರ ಒತ್ತಿದ ಕೀಲಿಗಳನ್ನೆಲ್ಲ ಆ ಆಟ ಒಂದು ಚಿಕ್ಕ ಕಡತದಲ್ಲಿ ಉಳಿಸುತ್ತಿತ್ತು. ವಿಡಿಯೋ ಕಳಿಸಲಾಗದ ಡಯಲಪ್ ಕಾಲದಲ್ಲೂ ಆ ಕಡತ ಕಳಿಸಬಹುದಿತ್ತು, ಪಡೆದವರು ತಮ್ಮ ಕಂಪ್ಯೂಟರಿನಲ್ಲಿ ಅದೇ ಓಟವನ್ನು ಮತ್ತೆ ನೋಡಬಹುದಿತ್ತು. ಹಂತ ಮುಗಿದಾಗ ನಿಮ್ಮ ಸಮಯವನ್ನೂ, ಪಕ್ಕದಲ್ಲೇ "ಇಷ್ಟರೊಳಗೆ ಮುಗಿಸು" ಅನ್ನುವ ಹಾಗೆ ಒಂದು ಗುರಿಯ ಸಮಯವನ್ನೂ ತೋರಿಸಿ ಕೆಣಕುತ್ತಿತ್ತು. ಆಮೇಲೆ ಬಂದ "ಕ್ವೇಕ್" ಆಟವನ್ನು 1997ರ ಜೂನ್‌ನಲ್ಲಿ ಕೆಲವರು ಸೇರಿ 19 ನಿಮಿಷ 49 ಸೆಕೆಂಡಿನಲ್ಲಿ ಮುಗಿಸಿ, ಸಿನಿಮಾದ ಹಾಗೆ ಜೋಡಿಸಿ ಬಿಟ್ಟಾಗ ಜಗತ್ತು ಬಾಯಿ ಬಿಟ್ಟು ನೋಡಿತು. ಅಂದರೆ ವೇಗವಾಗಿ ಓಡುವ ಈ ಚಟದ ಮನೆತನದಲ್ಲಿ ನಮ್ಮ ಡೇವ್ ಒಬ್ಬ ತಾತ. ತಾತನ ಮನೆಗೆ ಮಾತ್ರ ಬಂದು ಹೋಗುವವರು ಕಡಿಮೆ.

*

ಈಗ ಆಕ್ಷೇಪಣೆಗಳಿಗೆ ಬರೋಣ. ಬರಬೇಕಾದವರಿಂದೆಲ್ಲ ಬಂದಿವೆ.

ಅಮ್ಮ ಫೋನಿನಲ್ಲಿ ಕೇಳಿದ್ದು: "ಇಪ್ಪತ್ತೆಂಟು ತುಂಬ್ತು ಕಣೋ, ಇನ್ನೂ ಗೇಮ್ ಆಡ್ಕೊಂಡು ಕೂತಿದೀಯಾ?" ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಇದು ಆಟದ ಬಗ್ಗೆ ಕೇಳಿದ ಪ್ರಶ್ನೆಯೂ ಅಲ್ಲ ಅನ್ನೋದು ಮದುವೆಯಾಗದವರಿಗೆಲ್ಲ ಗೊತ್ತು :-)

ರೂಮ್‌ಮೇಟ್ ಕೇಳಿದ್ದು ಗಂಭೀರ ಪ್ರಶ್ನೆ. "ಇದನ್ನ ರೆಸ್ಯೂಮೆಗೆ ಹಾಕ್ಕೋಬಹುದಾ?" ಇಲ್ಲ. "ಯೂಟ್ಯೂಬ್‌ನಲ್ಲಿ ದುಡ್ಡು ಬರುತ್ತಾ?" ಇಲ್ಲ. "ಮತ್ತೆ ಆ ಟೈಮಲ್ಲಿ ಒಂದು ಎಐ ಕೋರ್ಸ್ ಮಾಡೋ ಮಾರಾಯಾ!" ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುವ ಗಾದೆಯನ್ನೂ ಸೇರಿಸಿದ.

ಅವನ ಮಾತು ತೆಗೆದುಹಾಕುವ ಹಾಗಿಲ್ಲ. ನಮ್ಮ ಕ್ಷೇತ್ರದಲ್ಲಿ ಈಗ ಎಲ್ಲರಿಗೂ ಒಳಗೊಳಗೇ ಭಯ ಇದೆ. ಯಾವ ಸೋಮವಾರ ಯಾರ ಲಾಗಿನ್ ನಿಲ್ಲುತ್ತದೋ ಗೊತ್ತಿಲ್ಲ. ಹಾಗಾಗಿ ಸಂಜೆಯ ಎರಡು ಗಂಟೆ ಕೂಡ ಮುಂದಿನ ಕೆಲಸಕ್ಕೆ ಹಾಕುವ ಬಂಡವಾಳ ಆಗಿಬಿಟ್ಟಿದೆ. ಓದಿದರೆ ಸರ್ಟಿಫಿಕೇಟಿಗೆ, ಓಡಿದರೆ ಆ್ಯಪಿನ ಅಂಕಿಗೆ, ಫೋಟೋ ತೆಗೆದರೆ ಫಾಲೋವರ್‌ಗಳಿಗೆ. ಅಡುಗೆ ಚೆನ್ನಾಗಿ ಮಾಡುವವಳಿಗೆ "ಚಾನೆಲ್ ಶುರು ಮಾಡು" ಅನ್ನುತ್ತಾರೆ. "ಇನ್ನೊಂದು ತುತ್ತು ಹಾಕು" ಅನ್ನುವವರೇ ಇಲ್ಲ.

ನನಗೆ ಈ ವಿಷಯದಲ್ಲಿ ಕಣ್ಣು ಬಿಡಿಸಿದವರು ನಮ್ಮ ಹಳೇ ಟೀಮಿನ ಒಬ್ಬ ಹಿರಿಯರು. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಹದಿನಾಲ್ಕು ವರ್ಷ ಒಂದೇ ಕಡೆ ದುಡಿದಿದ್ದರು. ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದರೆ ಮೊದಲು ಫೋನ್ ಹೋಗುತ್ತಿದ್ದದ್ದು ಅವರಿಗೇ. ಹೋದ ವರ್ಷ ಒಂದು ದಿನ ಅವರ ಹೆಸರು ಪಟ್ಟಿಯಲ್ಲಿ ಬಂತು. ದುಡ್ಡಿನ ತೊಂದರೆ ಏನಿರಲಿಲ್ಲ, ಮನೆ ಸ್ವಂತದ್ದು, ಮೂರು ತಿಂಗಳಲ್ಲಿ ಬೇರೆ ಕೆಲಸವೂ ಸಿಕ್ಕಿತು. ಆದರೆ ನಡುವಿನ ಆ ಮೂರು ತಿಂಗಳಲ್ಲಿ ಒಮ್ಮೆ ಫೋನ್ ಮಾಡಿ ಹೇಳಿದ್ದರು: "ಸಂಜೆ ಆರು ಗಂಟೆ ಆದ್ರೆ ಏನು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ ಕಣೋ. ಹೆಂಡ್ತಿ 'ನಿಮಗೆ ಇಷ್ಟ ಆದದ್ದು ಏನಾದ್ರೂ ಮಾಡಿ' ಅಂತಾಳೆ. ನಂಗೆ ಏನು ಇಷ್ಟ ಅಂತ ಯೋಚನೆ ಮಾಡ್ತಾ ಕೂತ್ಕೋತೀನಿ, ಅಷ್ಟರಲ್ಲಿ ಊಟದ ಹೊತ್ತಾಗುತ್ತೆ." ಅವರು ಅದನ್ನು ನಗುತ್ತಲೇ ಹೇಳಿದರು. ಫೋನ್ ಇಟ್ಟ ಮೇಲೆ ನನಗೆ ನಗು ಬರಲಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಇಷ್ಟಪಡುವ ಶಕ್ತಿಯೇ ಹೋದರೆ ಎಲ್ಲಿ ಅಪ್ಲೈ ಮಾಡುವುದು?

ಹಾಗಾಗಿ ರೂಮ್‌ಮೇಟ್‌ಗೆ ನನ್ನ ಉತ್ತರ: ರೆಸ್ಯೂಮೆಗೆ ಹಾಕಿಕೊಳ್ಳಲು ಆಗದೇ ಇರುವುದೇ ಇದರ ಬೆಲೆ. ಇದರಿಂದ "ಡೀಬಗ್ಗಿಂಗ್ ಕೌಶಲ ಹೆಚ್ಚುತ್ತೆ", "ಏಕಾಗ್ರತೆ ಬರುತ್ತೆ" ಅಂತ ಸಮರ್ಥಿಸಿಕೊಳ್ಳಲು ನನಗೆ ಬರುತ್ತದೆ, ಆದರೆ ಹಾಗೆ ಮಾಡುವುದಿಲ್ಲ. ಹಾಗೆ ಹೇಳಿದ ಕೂಡಲೇ ಇದೂ ಆಫೀಸಿನ ಇನ್ನೊಂದು ಟ್ರೈನಿಂಗ್ ಆಗಿಬಿಡುತ್ತದೆ.

*

"ಸರಿ, ಹವ್ಯಾಸ ಬೇಕು. ಆದರೆ ಅಲ್ಲೂ ಗಡಿಯಾರವೇ? ಆಫೀಸಿನಲ್ಲಿ ಸ್ಪ್ರಿಂಟ್, ಮನೆಗೆ ಬಂದು ಸ್ಪೀಡ್‌ರನ್!" ಇದು ನನ್ನ ಗೆಳತಿಯೊಬ್ಬಳ ಆಕ್ಷೇಪ. ಕೇಳಿದವುಗಳಲ್ಲಿ ಇದೇ ಗಟ್ಟಿಯಾದದ್ದು.

ಯೋಚಿಸಿ ನೋಡಿದರೆ ಎರಡು ಗಡಿಯಾರಗಳಿಗೂ ವ್ಯತ್ಯಾಸ ಇದೆ. ಆಫೀಸಿನ ಗಡುವನ್ನು ಇನ್ನೊಬ್ಬರು ಇಡುತ್ತಾರೆ, ನಡುವೆ ಕೆಲಸ ಬದಲಿಸುತ್ತಾರೆ, ಗಡುವು ಮಾತ್ರ ಹಾಗೇ ಇರುತ್ತದೆ. ಡೇವ್ ಆಟದಲ್ಲಿ ಕಪ್ಪಿನ ಜಾಗ 1990ರಲ್ಲಿ ಎಲ್ಲಿತ್ತೋ ಇವತ್ತೂ ಅಲ್ಲೇ ಇದೆ. ಯಾರೂ ಸಂಜೆ ಐದಕ್ಕೆ ಮೀಟಿಂಗ್ ಕರೆದು "ಬಾಗಿಲನ್ನು ಎಡಗಡೆ ಇಟ್ಟರೆ ಚೆನ್ನಾಗಿರುತ್ತಿತ್ತು" ಅನ್ನುವುದಿಲ್ಲ. ನಾನು ನಿನ್ನೆಗಿಂತ ಎರಡು ಸೆಕೆಂಡ್ ಬೇಗ ಮುಗಿಸಿದರೆ ಅದಕ್ಕೆ ಕಾರಣ ನಾನೇ, ನಿಧಾನವಾದರೆ ಅದಕ್ಕೂ ನಾನೇ. ಇಷ್ಟು ನ್ಯಾಯವಾದ ಮ್ಯಾನೇಜರ್ ನನಗಂತೂ ಸಿಕ್ಕಿಲ್ಲ. ಬೇಡ ಅನ್ನಿಸಿದ ದಿನ ಗಡಿಯಾರ ನಿಲ್ಲಿಸಿ ಮಲಗುವ ಹಕ್ಕೂ ನನ್ನದೇ.

ಗಡಿಯಾರ ಇಟ್ಟಾಗ ಇನ್ನೊಂದು ಚಮತ್ಕಾರ ಆಗುತ್ತದೆ: ಗೊತ್ತಿದ್ದ ಆಟ ಹೊಸದಾಗಿ ಕಾಣುತ್ತದೆ. ಚಿಕ್ಕಂದಿನಲ್ಲಿ ವಜ್ರ ಕಂಡರೆ ಸಾಕು, ಹಾರಿ ಹಿಡಿಯುತ್ತಿದ್ದೆವು. ಈಗ ವಜ್ರ ಅಂದರೆ ಅಡ್ಡದಾರಿ, ಅಂಕ ಯಾರಿಗೆ ಬೇಕು? ಪರದೆ ಜರುಗುವಾಗ ಆಟ ನಿಲ್ಲುತ್ತದೆ ಅಂದೆನಲ್ಲ, ಚಿಕ್ಕಂದಿನಲ್ಲಿ ಅದು ಗಮನಕ್ಕೇ ಬಂದಿರಲಿಲ್ಲ. ಈಗ ಪ್ರತಿ ಜರುಗುವಿಕೆಯೂ ಟೋಲ್ ಗೇಟ್! ಅಂಚು ದಾಟಿ ಹೋಗಿ ಕಪ್ ತಂದು ಮತ್ತೆ ಅಂಚು ದಾಟಿ ಬಾಗಿಲಿಗೆ ಬಂದರೆ ಎರಡು ಸಲ ಸುಂಕ. ಈ ಆಟದ ಒಳಗನ್ನು ಬಿಚ್ಚಿ ನೋಡಿದ ಹವ್ಯಾಸಿಗಳು, ಪ್ರತಿ ಹಂತವೂ 100 ಚೌಕ ಅಗಲ, 10 ಚೌಕ ಎತ್ತರದ ಒಂದು ಪಟ್ಟಿ ಅಂತ ತೋರಿಸಿದ್ದಾರೆ. ಪರದೆಯ ಮೇಲೆ ಒಂದು ಸಲಕ್ಕೆ ಕಾಣುವುದು 20 ಚೌಕ ಅಗಲ ಮಾತ್ರ. ಹಾಗಾಗಿ ನಾನು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಂತಗಳನ್ನು ಚೌಕ ಚೌಕವಾಗಿ ಬರೆದುಕೊಂಡು, ಎಲ್ಲಿ ಹಾಳೆ ತಿರುಗುತ್ತದೆ, ಜೆಟ್‌ಪ್ಯಾಕಿನ ಇಂಧನ ಎಲ್ಲಿ ಉಳಿಸಬೇಕು, ಯಾವ ಪ್ರಾಣಿಗೆ ಗುಂಡು ಹೊಡೆಯುವುದಕ್ಕಿಂತ ತಪ್ಪಿಸಿಕೊಳ್ಳುವುದು ಅಗ್ಗ ಅಂತ ಬಣ್ಣ ಹಚ್ಚುತ್ತಿದ್ದೇನೆ. ಹಂತದಿಂದ ಹಂತಕ್ಕೆ ಹೋಗುವಾಗ ಡೇವ್ ಒಂದು ಓಣಿಯಲ್ಲಿ ತನ್ನಷ್ಟಕ್ಕೆ ನಡೆದುಕೊಂಡು ಹೋಗುತ್ತಾನಲ್ಲ, "ಭೇಷ್, ಇನ್ನು ಇಷ್ಟೇ ಬಾಕಿ" ಅಂತ ಬರುತ್ತದಲ್ಲ, ಅಲ್ಲಿ ಯಾರೂ ಏನೂ ಮಾಡಲಾಗದು. ಜಗತ್ತಿನ ಅತಿ ವೇಗದ ಆಟಗಾರನೂ ಅಲ್ಲಿ ಕೈಕಟ್ಟಿ ಕೂರಬೇಕು. ನಾನು ಅಲ್ಲಿ ಬೆರಳು ಮಡಚಿ ಬಿಡಿಸುತ್ತೇನೆ.

ಮೊದಲ ಪೂರ್ತಿ ಓಟ ಎಂಟು ನಿಮಿಷ ಚಿಲ್ಲರೆ ಆಗಿತ್ತು. ಈಗ ಆರೂವರೆಯ ಆಸುಪಾಸು. ಹೇಳಿಕೊಳ್ಳುವಂಥದ್ದಲ್ಲ, ಆದರೆ ಆ ಒಂದೂವರೆ ನಿಮಿಷ ಎಲ್ಲಿ ಹೋಯಿತು ಅಂತ ನಾನು ಚೌಕದ ಲೆಕ್ಕದಲ್ಲಿ ಹೇಳಬಲ್ಲೆ.

*

ಇನ್ನು ಕೊನೆಯ ಆಕ್ಷೇಪ: "ಹಾಳೂರಿಗೆ ಉಳಿದವನೇ ಗೌಡ." ಯಾರೂ ಹೆಚ್ಚು ಓಡದ ಆಟದಲ್ಲಿ ಮೊದಲಿಗನಾದರೆ ಏನು ದೊಡ್ಡಸ್ತಿಕೆ? ತಾಕತ್ತಿದ್ದರೆ ಮಾರಿಯೋ ಓಡು!

ಮಾರಿಯೋ ಕತೆ ನೋಡಿ. ಮೊದಲ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ 4 ನಿಮಿಷ 55 ಸೆಕೆಂಡಿನ ಗೋಡೆ ಒಡೆದದ್ದು 2021ರಲ್ಲಿ. ಆ ಆಟ ಮುಂದಿನ ಹಂತಕ್ಕೆ ಬಿಡುವುದು 21 ಫ್ರೇಮಿಗೆ ಒಂದು ಸಲ, ಅಂದರೆ ಸುಮಾರು 0.35 ಸೆಕೆಂಡಿಗೊಮ್ಮೆ. ಸಿಲ್ಕ್ ಬೋರ್ಡ್ ಸಿಗ್ನಲ್ ಇದ್ದ ಹಾಗೆ. ನೀವು ಸ್ವಲ್ಪ ಮುಂಚೆ ಬಂದರೂ ಹಸಿರು ಬರುವುದು ಅದರ ಹೊತ್ತಿಗೇ. ಇದನ್ನೆಲ್ಲ ನೂರಾರು ಜನ ವರ್ಷಗಟ್ಟಲೆ ಅರೆದು ಕುಡಿದಿದ್ದಾರೆ. ಅಲ್ಲಿ ಹೊಸಬ ಮಾಡಬೇಕಾದದ್ದು ಕಂಡುಹಿಡಿದ ದಾರಿಯನ್ನು ಬಾಯಿಪಾಠ ಮಾಡುವುದು. ಅದು ಕಷ್ಟದ ಸಾಧನೆ, ಅದಕ್ಕೆ ನನ್ನ ದೊಡ್ಡ ನಮಸ್ಕಾರ. ನನಗೆ ಬೇಕಾದದ್ದು ಬೇರೆ: ದಾರಿ ಹುಡುಕುವ ಸುಖ. ಅದು ಸಿಗುವುದು ಕಾಲುದಾರಿಗಳಲ್ಲೇ ಹೊರತು ಎಕ್ಸ್‌ಪ್ರೆಸ್‌ವೇಯಲ್ಲಿ ಅಲ್ಲ.

ಗಾದೆಯ ಮಾತಿಗೆ ಬಂದರೆ, ಹಾಳೂರಿನ ಗೌಡನನ್ನು ನಾವು ಸುಮ್ಮನೆ ಗೇಲಿ ಮಾಡುತ್ತೇವೆ. ಆ ಊರಿನ ಬಾವಿ ಎಲ್ಲಿತ್ತು, ಕೆರೆಯ ತೂಬು ಎಲ್ಲಿತ್ತು ಅಂತ ಗೊತ್ತಿರುವವನು ಅವನೊಬ್ಬನೇ. ಅವನೂ ಹೋದರೆ ಊರಿತ್ತು ಅನ್ನುವುದೇ ಅನುಮಾನ. ಹಳೇ ಆಟಗಳ ಗತಿಯೂ ಹಾಗೇ. ಕಡತ ಎಲ್ಲೋ ಉಳಿದಿರುತ್ತದೆ. ಅದನ್ನು ಹೇಗೆ ಆಡುತ್ತಿದ್ದರು, ಎಲ್ಲಿ ಜಾರುತ್ತದೆ, ಎಲ್ಲಿ ಗೋಡೆ ಮೋಸ ಮಾಡುತ್ತದೆ ಅನ್ನುವ ಕೈಯ ಜ್ಞಾನ ಹೋಗಿಬಿಡುತ್ತದೆ. ಡೇವ್ ಆಟವನ್ನೂ ಗಡಿಯಾರ ಇಟ್ಟು ಓಡಿದವರಿದ್ದಾರೆ, ನಾನು ಮೊದಲಿಗನಲ್ಲ. ಆದರೆ ಹಂತ ಹಂತದ ದಾರಿಯನ್ನು ಕನ್ನಡದಲ್ಲಿ ಬರೆದಿಟ್ಟರೆ, ಆ ಲ್ಯಾಬುಗಳಲ್ಲಿ ಮೂವರು ಮೂವರು ಕೂತು ಆಡಿದ ನಮ್ಮವರಿಗೆ ಅದು ಅವರದ್ದೇ ಊರಿನ ನಕ್ಷೆ.

ಆದರೆ ಗೌಡನಾಗುವವನಿಗೆ ಒಂದು ಅಪಾಯ ಇದೆ, ಕೇಳುವವರಿಲ್ಲ ಅನ್ನುವುದು. ಜನ ಕಡಿಮೆ ಇರುವ ಕಡೆ ಸುಳ್ಳು ಹೇಳಿದರೆ ಹಿಡಿಯುವವರೂ ಕಡಿಮೆ. ಅಟಾರಿ ಕಾಲದ "ಡ್ರ್ಯಾಗ್‌ಸ್ಟರ್" ಅನ್ನುವ ಕಾರ್ ರೇಸಿನ ಆಟದಲ್ಲಿ 1982ರದ್ದು ಅಂತ ಹೇಳಲಾದ 5.51 ಸೆಕೆಂಡಿನ ಒಂದು ದಾಖಲೆ ಇತ್ತು. 35 ವರ್ಷ ಅದನ್ನು ಯಾರೂ ಮುರಿಯಲಿಲ್ಲ. 2017ರಲ್ಲಿ ಒಬ್ಬರು ಆಟದ ಕೋಡನ್ನೇ ಬಿಚ್ಚಿ ಲೆಕ್ಕ ಹಾಕಿ, ಈ ಆಟದಲ್ಲಿ 5.57ಕ್ಕಿಂತ ಬೇಗ ಮುಗಿಸಲು ಸಾಧ್ಯವೇ ಇಲ್ಲ ಅಂತ ತೋರಿಸಿದರು. 2018ರ ಜನವರಿಯಲ್ಲಿ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಆ ದಾಖಲೆಯನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಆ ಹತ್ತಿರಕ್ಕೂ ಬರಲಾಗದೆ ತಮ್ಮ ಕೈಯನ್ನೇ ಶಪಿಸಿಕೊಂಡ ಆಟಗಾರರನ್ನು ನೆನೆಸಿಕೊಳ್ಳಿ. ಇಲ್ಲದ ಗುರಿಯ ಹಿಂದೆ ಓಡಿದ ಅವರ ಹೊತ್ತನ್ನು ಯಾರು ವಾಪಸ್ ಕೊಡುತ್ತಾರೆ? ಯಾರಿಗೂ ತೊಂದರೆಯಿಲ್ಲದ ಸುಳ್ಳು ಅಂತ ಇರುವುದಿಲ್ಲ.

ಪ್ರಾಮಾಣಿಕತೆಗೆ ಮೊದಲ ಮೆಟ್ಟಿಲು, ಏನನ್ನು ಅಳೆಯುತ್ತಿದ್ದೇವೆ ಅಂತ ಸ್ಪಷ್ಟ ಹೇಳುವುದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅದನ್ನು 100 ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟ್ ಜೊತೆ ಹೋಲಿಸಿತು, ನೆನಪಿದೆಯಾ? ಕೆಸರಿನ ಕರೆಯಲ್ಲಿ ಕೋಣಗಳ ಜೊತೆ ಓಡುವ ಓಟಕ್ಕೆ ತನ್ನದೇ ಘನತೆ ಇದೆ. ಟ್ರ್ಯಾಕಿನ ಅಂಕಿಯ ಪಕ್ಕದಲ್ಲಿ ಇಟ್ಟ ಕೂಡಲೇ ಎರಡೂ ಓಟಗಳಿಗೆ ಅನ್ಯಾಯ. ಹಾಗೇ ನಿಜವಾದ ಹಳೇ ಪಿಸಿಯಲ್ಲಿ ಆಡಿದ ಡೇವ್ ಬೇರೆ, ಡಾಸ್‌ಬಾಕ್ಸ್‌ನಲ್ಲಿ ಆಡಿದ ಡೇವ್ ಬೇರೆ. ಡಾಸ್‌ಬಾಕ್ಸ್‌ನಲ್ಲಿ "ಸೈಕಲ್ಸ್" ಅನ್ನುವ ಒಂದು ಸೆಟ್ಟಿಂಗ್ ಇದೆ. ಇಂಥ ಹಳೇ ಆಟಗಳಿಗೆ ಅದು ತಾನಾಗಿ 3000 ಅಂತ ಇಟ್ಟುಕೊಳ್ಳುತ್ತದೆ. ಅದನ್ನು ಏರಿಸಿ ಇಳಿಸಿದರೆ ನಕಲಿ ಕಂಪ್ಯೂಟರಿನ ವೇಗವೇ ಬದಲಾಗುತ್ತದೆ. ಅದನ್ನು ಹೇಳದೆ "ನನ್ನ ಸಮಯ ಇಷ್ಟು" ಅಂದರೆ, ತಕ್ಕಡಿ ತೋರಿಸದೆ ತರಕಾರಿ ತೂಗಿ ಕೊಟ್ಟ ಹಾಗೆ.

ಹಾಗಾಗಿ ನಾನು ಹಾಕಿಕೊಂಡಿರುವ ನಿಯಮಗಳು:

1. ಡಾಸ್‌ಬಾಕ್ಸ್, ಸೈಕಲ್ಸ್ 3000, ಬೇರೇನೂ ಮುಟ್ಟುವಂತಿಲ್ಲ. ಪ್ರತಿ ಓಟದ ಆರಂಭದಲ್ಲಿ ಆ ಸೆಟ್ಟಿಂಗ್ ವಿಡಿಯೋದಲ್ಲಿ ಕಾಣಬೇಕು.

2. ಮೊದಲ ಹಂತದಲ್ಲಿ ಡೇವ್ ಪರದೆಗೆ ಬಂದಾಗ ಗಡಿಯಾರ ಶುರು, ಹತ್ತನೇ ಹಂತದ ಬಾಗಿಲು ಹೊಕ್ಕಾಗ ನಿಲ್ಲಬೇಕು. ನಡುವೆ ಕತ್ತರಿ ಹಾಕುವಂತಿಲ್ಲ.

3. ಎರಡು ಪಟ್ಟಿ. ಗುಪ್ತ ಹಂತಗಳ ಮೂಲಕ ಹಾದುಹೋದ ಓಟಗಳು ಬೇರೆ, ಹಾಗೆ ಹೋಗದ ಓಟಗಳು ಬೇರೆ.

4. ಅಭ್ಯಾಸಕ್ಕೆ ಒಂದೊಂದೇ ಹಂತ ಎಷ್ಟು ಸಲ ಬೇಕಾದರೂ ಆಡಬಹುದು. ಲೆಕ್ಕದ ಓಟ ಮಾತ್ರ, ಶುರು ಮಾಡಿದರೆ ಮುಗಿಸಲೇಬೇಕು.

5. ದಿನಕ್ಕೆ ಅರ್ಧ ಗಂಟೆ, ಅಷ್ಟೇ. ಕೈ ನೋವು ಬಂದರೆ ಮೂರು ದಿನ ರಜೆ.

ನಾಲ್ಕನೆಯದರ ಬಗ್ಗೆ ತಕರಾರು ಬರಬಹುದು. ದೊಡ್ಡ ಓಟಗಾರರು ಮೊದಲ ಹಂತದಲ್ಲಿ ಅರ್ಧ ಸೆಕೆಂಡ್ ಹೋದರೂ ಆಟ ಅಲ್ಲಿಗೇ ಬಿಟ್ಟು ಮತ್ತೆ ಶುರು ಮಾಡುತ್ತಾರೆ. ದಾಖಲೆಗೆ ಅದು ಸರಿಯಾದ ಲೆಕ್ಕ. ಆದರೆ ಹವ್ಯಾಸಕ್ಕೆ ಅದು ಕೆಟ್ಟ ಅಭ್ಯಾಸ ಅಂತ ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಮೊದಲ ಹಂತ ಸಾವಿರ ಸಲ ಆಡಿ, ಹತ್ತನೆಯದನ್ನು ಹತ್ತು ಸಲವೂ ಆಡಿರುವುದಿಲ್ಲ. ಕೆಟ್ಟು ಹೋದ ಓಟವನ್ನು ಕೊನೆ ಮುಟ್ಟಿಸುವುದರಲ್ಲೂ ಒಂದು ಮರ್ಯಾದೆ ಇದೆ.

ಐದನೆಯದು ಹೊಟ್ಟೆಪಾಡಿನ ಪ್ರಶ್ನೆ. ನಮ್ಮ ಅನ್ನ ಇರುವುದೇ ಬೆರಳ ತುದಿಯಲ್ಲಿ. ದಿನಕ್ಕೆ ಒಂಬತ್ತು ಗಂಟೆ ಕೀಬೋರ್ಡ್ ಕುಟ್ಟಿ ಬಂದು, ರಾತ್ರಿ ಅದೇ ಬಾಣದ ಗುರುತಿನ ಕೀಲಿಗಳನ್ನು ಮೂರು ಗಂಟೆ ಕುಟ್ಟಿದರೆ ಮಣಿಕಟ್ಟು ಒಂದು ದಿನ ಮುಷ್ಕರ ಹೂಡುತ್ತದೆ.

"ಇದನ್ನೆಲ್ಲ ಒಂದು ಪ್ರೋಗ್ರಾಂ ಬರೆದರೆ ನಿನಗಿಂತ ಚೆನ್ನಾಗಿ ಓಡುತ್ತದಲ್ಲ?" ಅಂತ ಒಬ್ಬರು ಕೇಳಿದರು. ಓಡುತ್ತದೆ, ಹೊಸದೇನಲ್ಲ. 2003ರಲ್ಲೇ ಮಾರಿಯೋ 3 ಆಟವನ್ನು 11 ನಿಮಿಷದಲ್ಲಿ ಮುಗಿಸಿದ ಒಂದು ವಿಡಿಯೋ ಜಪಾನಿನಿಂದ ಬಂದು ಎಲ್ಲರನ್ನೂ ಬೆರಗುಗೊಳಿಸಿತ್ತು. ಅದು ಎಮ್ಯುಲೇಟರಿನಲ್ಲಿ ನಿಧಾನವಾಗಿ ಆಡಿ, ತಪ್ಪಿದಾಗೆಲ್ಲ ಹಿಂದೆ ಹೋಗಿ ತಿದ್ದಿ ಮಾಡಿದ್ದು ಅಂತ ಗೊತ್ತಾದಾಗ ಹಲವರು ಮೋಸ ಅಂತ ಸಿಟ್ಟಾದರು. ಮಾಡಿದವರು ಹೇಗೆ ಮಾಡಿದ್ದೆಂದು ಜಪಾನಿ ಭಾಷೆಯಲ್ಲಿ ಬರೆದೇ ಇದ್ದರು. ನೋಡಿದವರಿಗೆ ಅದು ತಲುಪಿರಲಿಲ್ಲ. ಈಗ ಅದೇ ಒಂದು ಪ್ರತ್ಯೇಕ ಕಲೆ, ಅದಕ್ಕೆ ಪ್ರತ್ಯೇಕ ಪಟ್ಟಿಗಳಿವೆ. ಯಂತ್ರ ನನಗಿಂತ ಚೆನ್ನಾಗಿ ಮಾಡುತ್ತದೆ ಅಂತ ನಾನು ಬಿಡುವುದಾದರೆ ಕ್ಯಾಲ್ಕುಲೇಟರ್ ಬಂದ ದಿನವೇ ಸುಡೊಕು ಸಾಯಬೇಕಿತ್ತು. ಕಾರು ಬಂದ ಮೇಲೂ ಕೋಣಗಳು ಓಡುತ್ತಿವೆಯಲ್ಲ!

ಕೊನೆಗೆ ನಿಮಗೆ, ಅಂದರೆ ಇಲ್ಲಿ ಬರುವ ಹತ್ತಾರು ಗೆಳೆಯರಿಗೆ ಒಂದು ಮಾತು. ನಿಮಗೆ ಇದನ್ನು ಒಪ್ಪಿಸುವುದು ಕಷ್ಟವಾಗಬಾರದು. ಓದುವವರು ಎಷ್ಟು ಜನ ಅಂತ ಕೈಬೆರಳಲ್ಲಿ ಎಣಿಸಬಹುದಾದರೂ ರಾತ್ರಿ ಕೂತು ಕನ್ನಡದಲ್ಲಿ ಬರೆದು, ಒತ್ತಕ್ಷರ ಸರಿಯಿದೆಯಾ ಅಂತ ಮೂರು ಸಲ ನೋಡಿ ಪ್ರಕಟಿಸುವವರು ನಾವು. ನಮ್ಮ ಸಂಬಳಕ್ಕೆ ಇದರಿಂದ ನಯಾಪೈಸೆ ಸೇರಿಲ್ಲ. ಆದರೂ ಯಾರಾದರೂ ಬಂದು "ನಿಮಗೆ ಏನು ಇಷ್ಟ?" ಅಂದರೆ ನಾವು ಊಟದ ಹೊತ್ತಿನ ತನಕ ಯೋಚನೆ ಮಾಡುತ್ತಾ ಕೂರಬೇಕಿಲ್ಲ.

ಡೇವ್ ಆಡಿದವರು ಇದ್ದರೆ ಒಂದು ಸಹಾಯ ಬೇಕು. ನಿಮ್ಮ ಲ್ಯಾಬಿನಲ್ಲಿ ಯಾವ ಹಂತವನ್ನು ಹೇಗೆ ದಾಟುತ್ತಿದ್ದಿರಿ, ಯಾವ ಗೋಡೆಯ ಬಗ್ಗೆ ಯಾವ ಗಾಳಿಸುದ್ದಿ ಇತ್ತು, ಹಿಂದಿನ ಬೆಂಚಿನ ಯಾವ ಪ್ರವೀಣ ಏನು ಟ್ರಿಕ್ ಹೇಳಿಕೊಟ್ಟಿದ್ದ, ಎಲ್ಲ ಬರೆದು ತಿಳಿಸಿ. ಒಂದೊಂದನ್ನೂ ಆಡಿ ನೋಡಿ, ನಿಜವಾದದ್ದನ್ನು ನಕ್ಷೆಗೆ ಸೇರಿಸುತ್ತೇನೆ. ಆಡದವರು ನಿಮ್ಮದೇ ಆದ ಯಾವುದಾದರೂ ಕೆಲಸಕ್ಕೆ ಬಾರದ ಹುಚ್ಚಿನ ಬಗ್ಗೆ ಬರೆಯಿರಿ, ಓದಲು ಬರುತ್ತೇನೆ.

ಮುಂದಿನ ಸಲ ಮೊದಲ ಮೂರು ಹಂತಗಳ ದಾರಿ, ಚೌಕದ ಲೆಕ್ಕದ ಸಮೇತ. ಏನಂತೀರಿ?